ಸೂಜಿ ಮಸೆದ ಕಲ್ಲು

ನಮ್ಮ ಓಣಿಯ ಕೊನೆಯ ಮನೆಯನ್ನು ಕೊಂಡವರು ಮೊನ್ನೆ ಬಾಗಿಲ ಮುಂದಿನ ಫರಸಿ ಕಲ್ಲನ್ನು ಕಿತ್ತು ಹೊರಗೆ ಹಾಕಿದರು. ಅವರಿಗೆ ಹೊಳೆಯುವ ಟೈಲ್ಸು ಬೇಕಂತೆ. ಶಹಾಬಾದಿನಲ್ಲಿ ಮನೆ ಮಾಡಿ ಶಹಾಬಾದಿನ ಕಲ್ಲು ಬೇಡ ಅನ್ನುವವರಿಗೆ ನಾನೇನು ಹೇಳಲಿ. ಗೌಂಡಿ ಕಲ್ಲನ್ನು ತಿರುವಿ ಹಾಕಿ, ಅದರ ಅಂಚಿನ ಗೀರುಗಳ ಮೇಲೆ ಬೆರಳಾಡಿಸಿ ನನ್ನನ್ನು ಕೇಳಿದ:

"ಆಯಿ, ಈ ಮನ್ಯಾಗ ಮೊದಲ ಕಂಬಾರರು ಇದ್ರೇನ್ರಿ? ಏನೋ ಮಸದಂಗ ಕಾಣ್ತದ."

"ಸೂಜಿ ಮಸದದ್ದಪ್ಪಾ."

"ಸೂಜಿನಾ?" ಅವನು ನಕ್ಕುಬಿಟ್ಟ. "ಸೂಜಿ ಯಾರರ ಮಸೀತಾರೇನ್ರಿ? ಮೊಂಡ ಆದ್ರ ಒಗದು ಹೊಸಾದು ತರ್ತಾರ."

"ಒಗೀಲಾರದಾಕಿ ಒಬ್ಬಾಕಿ ಇದ್ಲು."

ಆ ಕಲ್ಲನ್ನು ಹೊರಿಸಿ ತಂದು ನಮ್ಮ ಬಚ್ಚಲ ಬಾಗಿಲಿಗೆ ಹಾಕಿಸಿಕೊಂಡೆ. ನೆನಪಿಗೆ ಅಂತ ಅಲ್ಲ. ಕಲ್ಲು ದಪ್ಪಗಿತ್ತು, ಚಲೋದಿತ್ತು. ಆದರೆ ಅದರ ಮೇಲೆ ಕಾಲಿಟ್ಟಾಗಲೆಲ್ಲ ಹಿಮ್ಮಡಿಗೆ ಆ ಗೀರು ಹತ್ತುತ್ತದೆ, ಆಕೆ ನೆನಪಾಗುತ್ತಾಳೆ. ಅದಕ್ಕೆ ಬರೆಯುತ್ತಿದ್ದೇನೆ. ಆಕೆಯ ಹೆಸರು ಬರೆಯುವುದಿಲ್ಲ. ಮಗಳ ಹೆಸರೂ ಬೇಡ, ಮಗಳನ್ನು ಕೊಟ್ಟ ಊರಿನ ಹೆಸರೂ ಬೇಡ.

ನಾನು ಮದುವೆಯಾಗಿ ಈ ಓಣಿಗೆ ಬಂದಾಗ ನಮ್ಮದಿನ್ನೂ ಮೈಸೂರು ರಾಜ್ಯ. ನಮ್ಮ ಮನೆಯವರು ಕಲ್ಲಿನ ಖಣಿಯಲ್ಲಿ ಕೂಲಿಯಾಳುಗಳ ಮೇಲೆ ಮುಕಾದಮರಾಗಿದ್ದರು. ಆಕೆ ಓಣಿಗೆಲ್ಲ ಕಾಕಿ. ಗಂಡ ಎಂದೋ ತೀರಿಹೋಗಿದ್ದ, ಒಬ್ಬಳೇ ಮಗಳು. ಒಣಗಿದ ತೊಗರಿ ಕಟ್ಟಿಗೆಯಂಥ ಉದ್ದನೆಯ ಮೈ, ದೊಡ್ಡ ಕೈ. ಕೌದಿ ಹೊಲಿದು ಬದುಕುತ್ತಿದ್ದಳು. ಹಳೆಯ ಸೀರೆ, ಹರಿದ ಧೋತರ, ಕೂಸಿನ ಅಂಗಿ ಏನು ಒಯ್ದು ಕೊಟ್ಟರೂ ಅದನ್ನು ಚೌಕ ಮಾಡಿ, ತ್ರಿಕೋನ ಮಾಡಿ, ಪದರಿನ ಮೇಲೆ ಪದರು ಹಾಸಿ, ಅಂಚಿನಿಂದ ನಡುವಿನ ತನಕ ಸಾಲು ಹೊಲಿಗೆ ಹಾಕುತ್ತಿದ್ದಳು. ಆ ಸಾಲುಗಳನ್ನು ನೋಡಿದರೆ ಎರೆಹೊಲದಲ್ಲಿ ಕೂರಿಗೆ ಹೊಡೆದಂತೆ ಇರುತ್ತಿತ್ತು. ಚಿಂಚೋಳಿಯ ಚಳಿಗೂ ಆಕೆಯ ಕೌದಿ ಹೊದ್ದವರು ಕಂಬಳಿ ಕೇಳುತ್ತಿರಲಿಲ್ಲ.

ಕೆಲಸದ ಮಾತು ಅಲ್ಲಿಗೆ ಸಾಕು. ಆಕೆಯ ಜಿಪುಣತನದ ಮಾತು ಹೇಳಬೇಕು.

ಊಟಕ್ಕೆ ಜಿಪುಣಳಲ್ಲ. ಹೊತ್ತಿಗೆ ಹೋದರೆ ಎರಡು ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ ಹಾಕಿ ಕೈಗೆ ಕೊಡದೆ ಬಿಡುತ್ತಿರಲಿಲ್ಲ. "ತಿನ್ನು, ನಿಮ್ಮತ್ತಿ ಮಾಡಿದ್ದು ರೊಟ್ಟಿ ಅಲ್ಲ, ಫರಸಿ," ಅನ್ನುತ್ತಿದ್ದಳು. ಆದರೆ ಹೊಲಿಗೆಯ ಸಾಮಾನಿಗೆ ಮಾತ್ರ ಕೈ ಬಿಗಿ. ಆಕೆ ದಾರದ ರೀಲು ಕೊಂಡದ್ದನ್ನು ನಾನು ಕಂಡಿಲ್ಲ. ಜೋಳದ ಚೀಲ, ಸಿಮೆಂಟಿನ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಆ ದಾರವನ್ನು ಬಿಚ್ಚಿ ಬಿಚ್ಚಿ ಕಟ್ಟಿಗೆಗೆ ಸುತ್ತಿಟ್ಟುಕೊಳ್ಳುತ್ತಿದ್ದಳು. ಚೀಲ ಬಿಚ್ಚುವಾಗ ಯಾರಾದರೂ ದಾರ ಹರಿದರೆ ಅವರ ಮನೆತನವೆಲ್ಲ ಬೈಗುಳದಲ್ಲಿ ಬರುತ್ತಿತ್ತು. ಕತ್ತರಿಯ ಮೊಳೆ ಸಡಿಲಾಗಿ ಎರಡು ಹೋಳಾಗಿತ್ತು, ಅದಕ್ಕೂ ದಾರ ಕಟ್ಟಿದ್ದಳು. ಬೆರಳಿಗೆ ಹಾಕುವ ಹಿತ್ತಾಳೆ ಟೊಪ್ಪಿಗೆ ಸವೆದು ತೂತು ಬಿದ್ದಿತ್ತು. ಆ ತೂತಿಗೆ ಒಳಗಿನಿಂದ ಹುಣಸೆಬೀಜ ಇಟ್ಟು ಹಾಕಿಕೊಳ್ಳುತ್ತಿದ್ದಳು. ಬೀಜ ಜಾರಿದರೆ ಸೂಜಿಯ ಹಿಂಬದಿ ನೇರ ಬೆರಳಿಗೆ. ಆಕೆಯ ಬೆರಳು, ಅಂಗೈ ಎಲ್ಲ ಜಡ್ಡುಗಟ್ಟಿ ಎಮ್ಮೆಯ ಗೊರಸಿನಂತೆ ಆಗಿದ್ದವು. ಚುಚ್ಚಿದ್ದು ಆಕೆಗೆ ಗೊತ್ತಾಗುತ್ತಿರಲಿಲ್ಲ. ರಕ್ತ ಬಟ್ಟೆಗೆ ಹತ್ತಿದ ಮೇಲೆ ಬೈದುಕೊಳ್ಳುತ್ತಿದ್ದಳು, ಅದೂ ಬಟ್ಟೆ ಕೆಟ್ಟಿತೆಂದು.

ಇನ್ನು ಸೂಜಿ. ಮೊಂಡಾದರೆ ಬಾಗಿಲ ಮುಂದಿನ ಆ ಕಲ್ಲಿನ ಮೇಲೆ ಮಸೆಯುತ್ತಿದ್ದಳು. ಉಗುಳಿ, ಮಸೆದು, ತುದಿಯನ್ನು ನಾಲಗೆಗೆ ಹಚ್ಚಿ ನೋಡಿ, ಮತ್ತೆ ಮಸೆದು. ಮಧ್ಯಾಹ್ನ ಓಣಿಯಲ್ಲಿ ಸಪ್ಪಳವಿಲ್ಲದ ಹೊತ್ತಿನಲ್ಲಿ ಆ ಸರ್ರ್ ಸರ್ರ್ ನಮ್ಮ ಮನೆಯ ತನಕ ಕೇಳುತ್ತಿತ್ತು. ನನ್ನ ಹಲ್ಲು ಜುಂ ಅನ್ನುತ್ತಿದ್ದವು. ಮಸೆದು ಮಸೆದು ಸೂಜಿ ಕೂದಲಿನಷ್ಟು ಸಣ್ಣಗಾಗುತ್ತಿತ್ತು, ಗಿಡ್ಡಾಗುತ್ತಿತ್ತು.

"ಕಾಕಿ, ಸಂತ್ಯಾಗ ಹೊಸಾ ಸೂಜಿ ಬಂದಾವ. ಒಂದು ಪಾಕೀಟು ತಗೊಳ್ರಿ," ಅನ್ನುತ್ತಿದ್ದೆ.

"ಹೊಸಾ ಸೂಜಿ ಬಟ್ಟೀನ ಕಡೀತದವ್ವಾ. ಹಳೀ ಸೂಜಿ ಬಟ್ಟೀನ ಕೇಳಿ ಒಳಗ ಹೋಗ್ತದ."

"ಕೇಳಲಿಕ್ಕೆ ಅದೇನು ಬೀಗರೇನ್ರಿ?"

"ನಿನಗ ತಿಳೀಯಂಗಿಲ್ಲ, ನಡಿ. ನಿನ್ನ ಹೊಲಿಗಿ ನೋಡೀನಿ ನಾ. ಕೋಳಿ ಕೆದರಿದಂಗ ಇರ್ತದ."

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ಕಡೆ ಊರೂರು ಲೂಟಿಯಾದ ಗದ್ದಲದ ವರ್ಷ ಊರು ಬಿಟ್ಟು ಓಡುವಾಗ ಆಕೆಯ ಮೈಮೇಲೆ ಇದ್ದದ್ದು ಉಟ್ಟ ಸೀರೆ ಮತ್ತು ಕುಪ್ಪಸಕ್ಕೆ ಚುಚ್ಚಿದ್ದ ಒಂದು ಸೂಜಿ ಮಾತ್ರವಂತೆ. ಆ ಸೂಜಿಯಿಂದಲೇ ಮುಂದೆ ಹೊಟ್ಟೆ ಹೊರೆದಳಂತೆ. ಅದಕ್ಕೇ ಸೂಜಿ ಒಗೆಯಲು ಮನಸ್ಸು ಬರುವುದಿಲ್ಲ ಅನ್ನುತ್ತಿದ್ದಳು. ಇದು ಆಕೆ ಹೇಳಿದ ಕಾರಣ. ನನಗೆ ಅಷ್ಟು ನಂಬಿಕೆಯಿಲ್ಲ. ಆ ವರ್ಷ ನಮ್ಮ ಸೋದರತ್ತೆಯೂ ಓಡಿ ಬಂದಿದ್ದಳು. ಆಕೆ ಜೀವ ಇರುವ ತನಕ ಕೈ ಬಿಚ್ಚಿ ಖರ್ಚು ಮಾಡಿದಳು. ಕೆಲವರು ಹುಟ್ಟಾ ಹಾಗೇ ಇರುತ್ತಾರೆ.

ಈಗ ಒಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಆಕೆ ಅದರೊಳಗೆ ನಾಲ್ಕು ಜೋಳದ ಕಾಳು, ಒಂದು ಚೂರು ಬೆಲ್ಲ ಇಟ್ಟು ಹೊಲಿಯುತ್ತಿದ್ದಳು. ಕೌದಿಗೆ ಉಡಿ ತುಂಬುವುದು ಅಂತ. ಬರಿ ಹೊಟ್ಟೆಯ ಕೌದಿ ಹೊದ್ದರೆ ಹೊದ್ದವರ ಹೊಟ್ಟೆಯೂ ಬರಿದಾಗುತ್ತದೆ ಅನ್ನುವ ನಂಬಿಕೆ. ಒಮ್ಮೆ ಹೊಲಿದ ಉಡಿಯನ್ನು ಬಿಚ್ಚಬಾರದು. ಅದರಲ್ಲೂ ಕೂಸಿನ ಕೌದಿಯದನ್ನು.

ಆಕೆಯ ಮಗಳನ್ನು ಚಿಂಚೋಳಿಯ ಆಚೆ, ಗುಡ್ಡದ ಕಡೆಯ ಒಂದು ಹಳ್ಳಿಗೆ ಕೊಟ್ಟಿತ್ತು. ಭಾಳ ವರ್ಷ ಮಕ್ಕಳಾಗಲಿಲ್ಲ. ಅತ್ತೆ ಇನ್ನೊಂದು ಹೆಣ್ಣು ನೋಡುವ ಮಾತು ಎತ್ತಿದ್ದಳು. ಅಷ್ಟರಲ್ಲಿ ಹುಡುಗಿಗೆ ದಿನ ಹೋದವು. ಬಾಣಂತನ ಇಲ್ಲೇ ಆಯಿತು. ಹೆಣ್ಣು ಕೂಸು. ಕಾಕಿ ಅದಕ್ಕೆ ಒಂದು ಕೌದಿ ಹಿಡಿದಳು. ತನ್ನ ಮದುವೆಯ ಸೀರೆ, ಮಗಳು ಸಣ್ಣವಳಿದ್ದಾಗ ಉಟ್ಟ ಪರಕಾರ, ಯಾರೋ ಕೊಟ್ಟ ಕೆಂಪು ಖಣ ಎಲ್ಲ ಅದರಲ್ಲಿದ್ದವು. ಅಂಥ ಕೌದಿಯನ್ನು ನಾನು ಮುಂದೆ ಕಂಡಿಲ್ಲ. ಹೊಲಿದದ್ದು ಮಾತ್ರ ಅದೇ ಕೂದಲಿನಂಥ ಸೂಜಿಯಲ್ಲಿ.

ಬೀಗರು ಕೂಸು-ಬಾಣಂತಿಯನ್ನು ಕರೆದೊಯ್ಯಲು ಬರುವ ಹಿಂದಿನ ದಿನ. ನಾನು ಆಕೆಯ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ನನ್ನ ಮೊರದಿಂದಲೇ ನಾಲ್ಕು ಕಾಳು ತೆಗೆದುಕೊಂಡು ಉಡಿ ತುಂಬಿದಳು. ಮೂಲೆಯಲ್ಲಿ ಬಟ್ಟೆ ದಪ್ಪ. ಸೂಜಿಯನ್ನು ಒತ್ತಿದಳು, ಹೋಗಲಿಲ್ಲ. ಅಂಗೈಯ ಬುಡ ಕೊಟ್ಟು ಒತ್ತಿದಳು. ಟಕ್ ಅಂತ ಸಪ್ಪಳವಾಯಿತು, ಅಂಗೈ ಜಾರಿ ಬಟ್ಟೆಗೆ ಬಡಿಯಿತು. ಕೈಯಲ್ಲಿ ಅರ್ಧ ಸೂಜಿ.

"ಮುರೀತಲ್ರಿ," ಅಂದೆ.

"ಮುರದ್ರ ಮುರೀತು, ಕಣ್ಣು ಈ ಕಡಿ ಉಳದದಲ್ಲ," ಅಂದಳು. ದಾರ ಪೋಣಿಸುವ ತೂತು ಇನ್ನೂ ಇದೆ ಅಂತ ಸಂತೋಷ. ತುದಿಯನ್ನು ನೆಲದ ಮೇಲೆ ಹುಡುಕಿದೆವು. ಕೌದಿಯನ್ನು ಕೊಡವಿದೆವು, ಒತ್ತಿ ನೋಡಿದೆವು. ಮೂಲೆಯಲ್ಲಿ ಕಾಳು ಬಿಟ್ಟರೆ ಬೇರೆ ಗಟ್ಟಿ ಏನೂ ಕೈಗೆ ಹತ್ತಲಿಲ್ಲ. "ಎಲ್ಲೋ ಹೊರಗ ಸಿಡೀತು, ಬಿಡು," ಅಂದು, ಉಳಿದ ಅರ್ಧವನ್ನು ಹಿಡಿದು ಆ ಕಲ್ಲಿನ ಮುಂದೆ ಕುಂತಳು. ಸರ್ರ್ ಸರ್ರ್. ಮೊಂಡು ತುದಿ ಮೊನಚಾಯಿತು. ಅದರಿಂದಲೇ ಮೂಲೆಯ ಕೊನೆಯ ಹೊಲಿಗೆ ಹಾಕಿ ಗಂಟು ಬಿಗಿದಳು.

ಮರುದಿನ ಕೂಸು ಹೋಯಿತು, ಕೌದಿ ಹೋಯಿತು.

ಸ್ವಲ್ಪ ದಿನಕ್ಕೆ ಆ ಕಡೆಯಿಂದ ಖಣಿಯ ಕೆಲಸಕ್ಕೆ ಬಂದವನೊಬ್ಬ ಸುದ್ದಿ ತಂದ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರೆ ಸುಮ್ಮನಿರುತ್ತದಂತೆ, ಕೆಳಗೆ ಕೌದಿಯ ಮೇಲೆ ಹಾಕಿದರೆ ಚೀರುತ್ತದಂತೆ. ದೃಷ್ಟಿ ತೆಗೆದರಂತೆ, ದರ್ಗಾದ ದಾರ ಕಟ್ಟಿದರಂತೆ, ಏನೂ ಆಗಲಿಲ್ಲವಂತೆ. ನಾನು ನೀರು ತರಲು ಹೊರಟಿದ್ದೆ. ಕಾಕಿ ಬಂದು ನನ್ನ ಕೊಡ ಹಿಡಿದು ನಿಲ್ಲಿಸಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ.

"ತಂಗೀ, ನಾಳಿ ನನ್ನ ಸಂಗಾಟ ಬರ್ತೀಯೇನ? ಒಬ್ಬಾಕಿಗಿ ಹೋಗಲಿಕ್ಕೆ ಕಾಲು ಬರವಲ್ಲವು."

ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವುದೇನಿತ್ತು.

ಶಹಾಬಾದಿನಿಂದ ವಾಡಿಗೆ ಹೋಗಿ, ಅಲ್ಲಿ ಸಿಕಂದರಾಬಾದಿನ ಕಡೆಯ ಗಾಡಿಗೆ ಕಾಯಬೇಕು. ವಾಡಿ ಜಂಕ್ಷನ್ನಿನಲ್ಲಿ ಕಾಕಿ ನನಗೆ ಚಹಾ ಕೊಡಿಸಿದಳು. ನಾನು ಕಂಡಂತೆ ಆಕೆ ಅಂಗಡಿಯಲ್ಲಿ ಬಾಯಿಗೆ ಏನಾದರೂ ಕೊಂಡದ್ದು ಅದೊಂದೇ ಸಲ. ಆ ಚಹಾ ಕುಡಿಯುವಾಗಲೇ ನನಗೆ ಹೆದರಿಕೆ ಹತ್ತಿದ್ದು. ಸೇಡಮ್ಮಿನಲ್ಲಿ ಇಳಿದು ಚಿಂಚೋಳಿಯ ಬಸ್ಸು ಹಿಡಿದೆವು. ಇಡೀ ದಾರಿ ಆಕೆ ಆ ಅರ್ಧ ಸೂಜಿಯನ್ನು ಸೆರಗಿನ ತುದಿಯಿಂದ ತೆಗೆಯುವುದು, ನೋಡುವುದು, ಮತ್ತೆ ಚುಚ್ಚಿಡುವುದು.

"ಎಷ್ಟುದ್ದ ಹೋಗಿರಬೇಕ ಅದು?" ಅಂದಳು.

"ನೀವು ಮಸೀದೆ ಇದ್ರ ಗೊತ್ತಾಗ್ತಿತ್ತು. ಈಗ ಹ್ಯಾಂಗ ಹೇಳೋದ್ರಿ? ಬೆರಳಗಲ ಇತ್ತೋ, ಉಗುರಗಲ ಇತ್ತೋ."

ಮಾತು ಗಡುಸಾಗಿತ್ತು. ಆದರೆ ಸುಳ್ಳಲ್ಲ. ಮುರಿದ ಜಾಗವನ್ನೇ ಕಲ್ಲಿಗೆ ತಿಕ್ಕಿ ತೆಗೆದಿದ್ದಳು. ಸಿಕ್ಕರೆ ಜೋಡಿಸಿ ನೋಡಲೂ ಬರುವಂತಿರಲಿಲ್ಲ.

ಬೀಗತಿ ದಪ್ಪ ಹೆಂಗಸು, ಹಣೆಯ ತುಂಬ ಕುಂಕುಮ. ನೀರು ಕೊಟ್ಟಳು, ಬೆಲ್ಲ ಕೊಟ್ಟಳು, "ಕುಂದ್ರಿ" ಅಂದಳು. ಕಾಕಿ ಕೂರಲಿಲ್ಲ. ಕೂಸನ್ನು ಎತ್ತಿಕೊಂಡು ಬೆನ್ನು, ತೊಡೆ, ಅಂಗಾಲು ಎಲ್ಲ ಒತ್ತಿ ಒತ್ತಿ ನೋಡಿದಳು. ಆಮೇಲೆ ಕೌದಿಯನ್ನು ಬೆಳಕಿಗೆ ಎಳೆದುಕೊಂಡು ಸಾಲು ಸಾಲಾಗಿ ಅಂಗೈಯಿಂದ ಒತ್ತತೊಡಗಿದಳು. "ಹೊಲಿಗಿ ಸಡ್ಲ ಆಗ್ಯದ, ಸ್ವಲ್ಪ ಬಿಚ್ಚಿ ಬಿಗಿ ಮಾಡ್ತೀನಿ," ಅಂದು ದಾರ ಬಿಚ್ಚಲು ಶುರು ಮಾಡಿದಳು.

ಬೀಗತಿ ನಕ್ಕಳು. ಓಣಿಯ ಹೆಂಗಸರು ಸೇರಿದ್ದರು. ಅವರಿಗೆ ಕೇಳುವಂತೆಯೇ ಅಂದಳು, "ಏನ್ರಿ ಬೀಗತಿ, ಕೊಟ್ಟ ಕೌದಿಯಾಗಿನ ದಾರಾನೂ ವಾಪಸ್ ಒಯ್ಲಿಕ್ಕೆ ಬಂದ್ರೇನು? ಬೇಕಂದ್ರ ಹೇಳ್ರಿ, ನಮ್ಮನ್ಯಾಗ ಖಾಲಿ ಚೀಲ ಭಾಳ ಅವ."

ಎಲ್ಲರೂ ನಕ್ಕರು. ಕಾಕಿಯ ಜಿಪುಣತನ ಅಲ್ಲಿಯ ತನಕ ಹೋಗಿತ್ತು. ಬೇರೆ ದಿನವಾಗಿದ್ದರೆ ಕಾಕಿ ಆ ಹೆಂಗಸಿನ ನೀರಿಳಿಸುತ್ತಿದ್ದಳು. ಅವತ್ತು ತಲೆ ಎತ್ತಲಿಲ್ಲ. ಸಾಲು ಬಿಚ್ಚುವುದು, ಪದರಿನೊಳಗೆ ಕೈ ಹಾಕುವುದು, ಇಲ್ಲ ಅಂತ ಮುಂದಕ್ಕೆ ಸರಿಯುವುದು. ಕೌದಿ ಅರ್ಧ ಮರ್ಧ ಚಿಂದಿಯಾಯಿತು. ಏನೂ ಸಿಗಲಿಲ್ಲ. ಉಳಿದದ್ದು ಉಡಿಯ ಮೂಲೆ ಒಂದೇ. ಕಾಕಿಯ ಕೈ ಅಲ್ಲಿಗೆ ಹೋಗಿ ನಿಂತಿತು.

"ಏ, ಅದನ್ನ ಮುಟ್ಟಬ್ಯಾಡ್ರಿ!" ಬೀಗತಿ ಎದ್ದು ನಿಂತಳು. "ಕೂಸಿನ ಕೌದಿ ಉಡಿ ಬಿಚ್ತಾರೇನ್ರಿ? ಬಾರಾ ವರ್ಷಕ್ಕ ಒಂದು ಹುಟ್ಟ್ಯದ ನಮ್ಮನ್ಯಾಗ."

ಸೂಜಿ ಅಂತ ಹೇಳಿದರೆ ಮಗಳು ಆ ಮನೆಯಲ್ಲಿ ಉಳಿಯುವುದಿಲ್ಲ. ಹೇಳದಿದ್ದರೆ ಕೂಸು. ನಾನು ಹೇಳಿಬಿಡೋಣ ಅಂತ ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಮಗಳು ಒಳಗಿನಿಂದ ಬಂದಳು. ಅಷ್ಟು ಹೊತ್ತು ಕಂಬಕ್ಕೆ ಒರಗಿ ತಾಯಿಯ ಕೈಯನ್ನೇ ನೋಡುತ್ತಿದ್ದಳು. ಆ ಸೂಜಿಗಳ ನಡುವೆ ಬೆಳೆದಾಕೆ, ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅತ್ತಿ, ಉಡಿಯಾಗ ಬೆಲ್ಲ ಅದರಿ. ಕಟ್ಟಿರುವಿ ಹತ್ಯಾವ. ಅದಕ್ಕೇ ಕೂಸು ಚೀರಲಿಕತ್ತದ," ಅಂದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. "ನಾ ಬಿಚ್ಚತೀನಿ. ಕಾಳು ಹೊರಗ ಹೋಗಂಗಿಲ್ಲ, ನನ್ನ ಉಡಿಯಾಗೇ ಹಾಕ್ಕೋತೀನಿ."

ಕಟ್ಟಿರುವೆಯ ಮಾತಿಗೆ ಅತ್ತೆ ಒಪ್ಪಿದಳು. ಮಗಳು ಸೆರಗು ಹಾಸಿ, ಮೂಲೆಯ ದಾರವನ್ನು ಹಲ್ಲಿನಿಂದ ಕಡಿದು, ಕಾಳುಗಳನ್ನು ಸೆರಗಿಗೆ ಸುರಿದಳು. ಒಂದೊಂದೇ ಕಾಳನ್ನು ಬೆರಳಿನಿಂದ ಸರಿಸಿದಳು. ಕರಗಿದ ಬೆಲ್ಲವನ್ನು ಹಿಚುಕಿದಳು.

ಜೋಳ ಇತ್ತು. ಬೆಲ್ಲ ಇತ್ತು. ಸೂಜಿ ಇರಲಿಲ್ಲ.

ಬಾವಿಯ ಕಡೆಗೆ ಹೋಗುವ ನೆಪದಲ್ಲಿ ಮಗಳು ನಮ್ಮನ್ನು ಕಳಿಸಲು ಬಂದಳು. ಬೇವಿನ ಗಿಡದ ಹತ್ತಿರ ನಿಂತು ತಾಯಿಗೆ ಒಂದೇ ಮಾತು ಹೇಳಿದಳು.

"ಯವ್ವಾ, ಇನ್ನ ಮ್ಯಾಲ ನನ್ನ ಮಗಳಿಗಿ ಏನೂ ಹೊಲೀಬ್ಯಾಡ."

ಕಾಕಿ ಸೇಡಮ್ಮಿನ ತನಕ ಬಸ್ಸಿನ ಕಿಟಕಿಯ ಸರಳು ಹಿಡಿದು ಕುಂತಿದ್ದಳು. ಕಾಗಿಣಾ ಹೊಳೆ ದಾಟುವಾಗ ನಾನೇ ಅಂದೆ, "ಕೌದಿಯಾಗ ಇಲ್ಲ ಅಂದ್ರ ಹೊರಗೇ ಸಿಡದದ್ರಿ. ಚಿಂತಿ ಬಿಡ್ರಿ."

"ಕೌದಿಯಾಗ ಇಲ್ಲ ಅಂದ್ರ," ಅಂದು ಆಕೆ ನನ್ನ ಕಡೆಗೆ ತಿರುಗಿದಳು, "ಕೂಸಿನಾಗ ಅದ."

ಮೈಯೊಳಗೆ ಹೊಕ್ಕ ಸೂಜಿ ಒಂದು ಕಡೆ ನಿಲ್ಲುವುದಿಲ್ಲ, ರಕ್ತದ ಸಂಗಡ ನಡೆಯುತ್ತ ನಡೆಯುತ್ತ ಒಂದಿಲ್ಲೊಂದು ದಿನ ಎದೆಗೆ ಬರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಹೇಳುವವರು ಯಾರೂ ಕಂಡಿಲ್ಲ. ಆದರೆ ಎಲ್ಲರೂ ಹೇಳುತ್ತಾರೆ.

ಅದಾಗಿ ವಾರ ಒಪ್ಪತ್ತಿನಲ್ಲಿ ಕೂಸಿನ ಕಿವಿ ಒಡೆದು ಕೀವು ಸೋರಿತು, ಅಳು ನಿಂತಿತು ಅಂತ ಸುದ್ದಿ ಬಂತು. ಕಿವಿಯ ಬೇನೆ ಅಷ್ಟೆ. ಕೆಳಗೆ ಮಲಗಿಸಿದರೆ ನೋವು ಏರುತ್ತಿತ್ತು, ತೊಡೆಯ ಮೇಲೆ ತಲೆ ಎತ್ತರಕ್ಕಿದ್ದಾಗ ಇಳಿಯುತ್ತಿತ್ತು. ನಾನು ಓಡುತ್ತ ಹೋಗಿ ಕಾಕಿಗೆ ಹೇಳಿದೆ. ಸಂತೋಷ ಪಡುತ್ತಾಳೆ ಅಂದುಕೊಂಡಿದ್ದೆ. ಆಕೆ ಇನ್ನೂ ಬೆಳ್ಳಗಾದಳು.

"ಅಳೋದು ನಿಂತದ ಅಂದ್ರ ಒಳಗ ಹೋಗ್ಯದ ತಂಗೀ. ಚುಚ್ಚೋ ತನಕ ಅಳ್ತದ. ಹೊಕ್ಕ ಮ್ಯಾಲ ಯಾಕ ಅಳ್ತದ?"

"ಗುಲಬರ್ಗಾಕ್ಕ ಒಯ್ದು ಮೈಯೊಳಗಿಂದು ಫೋಟೋ ತಗಸ್ರಿ ಹಂಗಾರ. ಈಗ ದವಾಖಾನ್ಯಾಗ ತಗೀತಾರ."

"ಬೀಗತಿಗಿ ಏನಂತ ಹೇಳ್ಲಿ?"

"ಯಾರಿಗೂ ಹೇಳಬ್ಯಾಡ," ಅಂತ ನನ್ನ ಕೈ ಮುಟ್ಟಿ ವಚನ ತೆಗೆದುಕೊಂಡಳು. ನಾನು ಹೇಳಲಿಲ್ಲ.

ಇಂಥ ಕಥೆಗಳನ್ನು ಹೇಳುವಾಗ ಜನ ಕೊನೆಗೆ ಬುದ್ಧಿ ಬಂತು ಅಂತ ಮುಗಿಸುತ್ತಾರೆ. ಆಕೆಗೆ ಬುದ್ಧಿ ಬರಲಿಲ್ಲ. ಭಯ ಬಂತು, ಬುದ್ಧಿ ಬರಲಿಲ್ಲ. ನಾನೇ ಚಿತ್ತಾಪುರದ ಸಂತೆಯಿಂದ ಸೂಜಿಯ ಪಾಕೀಟು ತಂದು ಆಕೆಯ ಕೈಯಲ್ಲಿ ಇಟ್ಟೆ. ಗೋಡೆಯ ಮಾಡಿನಲ್ಲಿ ದೀಪದ ಹಿಂದೆ ಇಟ್ಟಳು. ಅಲ್ಲೇ ತುಕ್ಕು ಹಿಡಿದವು. ಹಳೆಯದೇ ಇನ್ನೊಂದು ಸೂಜಿಯನ್ನು ಮಸೆಯುತ್ತ ಹೊಲಿದಳು. ಬದಲಾದದ್ದು ಇಷ್ಟೇ: ಸಾಲು ಮುಗಿದಾಗಲೆಲ್ಲ ಸೂಜಿಯನ್ನು ಬಿಸಿಲಿಗೆ ಹಿಡಿದು ತುದಿ ಇದೆಯೋ ಇಲ್ಲವೋ ನೋಡುವಳು. ಹೊಲಿದ ಕೌದಿಯನ್ನು ಕೊಡುವ ಮೊದಲು ಅಂಗೈಯಿಂದ ಪೂರ್ತಿ ಒತ್ತುವಳು, ತಿರುವಿ ಹಾಕಿ ಮತ್ತೆ ಒತ್ತುವಳು. ಬೇರೆಯವರ ಮನೆಗೆ ಹೋದರೂ ಹಾಸಿದ ಕೌದಿಯ ಮೇಲೆ ಕೈಯಾಡಿಸದೆ ಕೂರಳು. "ಕಾಕಿ ನಮ್ಮನಿ ಕಸ ನೋಡಲಿಕತ್ತಾಳ," ಅಂತ ಹೆಂಗಸರು ಸಿಟ್ಟಾಗುತ್ತಿದ್ದರು. ಆ ಅರ್ಧ ಸೂಜಿಯನ್ನು ಮಾತ್ರ ಮತ್ತೆ ಕಲ್ಲಿಗೆ ಮುಟ್ಟಿಸಲಿಲ್ಲ. ಬಾಗಿಲ ಚೌಕಟ್ಟಿಗೆ ಚುಚ್ಚಿಟ್ಟಿದ್ದಳು. ಹೋಗುವಾಗ ಬರುವಾಗ ಅದರ ಮೇಲೆ ಕಣ್ಣು.

ಮೊಮ್ಮಗಳು ಪಂಚಮಿಗೆ ತಾಯಿಯ ಸಂಗಡ ಬರುತ್ತಿದ್ದಳು. ಚೂಟಿ ಹುಡುಗಿ, ಓಣಿಯ ಕೋಳಿಗಳೆಲ್ಲ ಅವಳನ್ನು ಕಂಡರೆ ಓಡುತ್ತಿದ್ದವು. ಎಣ್ಣೆ ಹಚ್ಚುವ ನೆಪದಲ್ಲಿ ಕಾಕಿ ಅವಳನ್ನು ಬೋರಲು ಮಲಗಿಸಿ ಬೆನ್ನು ಒತ್ತುವಳು. ಬೆರಳಿನಿಂದಲ್ಲ, ಅಂಗೈಯಿಂದ. ಕೌದಿ ಒತ್ತಿದಂತೆ, ಸಾಲು ಸಾಲಾಗಿ.

"ಆಯೀ, ಕಚಗುಳಿ ಆಗ್ತದ, ಬಿಡು!"

"ಸುಮ್ನ ಮಲಕೋ. ಎಲ್ಲರ ಚುಚ್ಚತದೇನ?"

"ನಿನ್ನ ಕೈನೇ ಚುಚ್ಚತದ!"

ಹುಡುಗಿ ನಗುತ್ತಿತ್ತು. ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನಗುತ್ತಿರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ. ಒಮ್ಮೆ ಕಾಕಿ ಲೌಡ್‌ಸ್ಪೀಕರಿನ ಭೋಂಗಾ ರಿಪೇರಿ ಮಾಡುವವನನ್ನು ಕಾಡಿ ಬೇಡಿ ಒಂದು ಚುಂಬಕದ ಕಲ್ಲು ಇಸಿದುಕೊಂಡು ಬಂದಿದ್ದಳು. ಹುಡುಗಿ ಮಧ್ಯಾಹ್ನ ಮಲಗಿದಾಗ ಅದನ್ನು ಅವಳ ಬೆನ್ನ ಮೇಲೆ ಮೆಲ್ಲಗೆ ಎಳೆಯುತ್ತ ಕುಂತಿದ್ದಳು. ನಾನು ಮೊಸರು ಕೊಡಲು ಹೋದಾಗ ಕಂಡೆ.

"ಏನ್ ಮಾಡಾಕತ್ತೀರಿ ಇದು? ಹುಡುಗಿ ಕುದುರಿಯಂಗ ಅದ. ಇಷ್ಟು ವರ್ಷ ಆಯ್ತು. ಇದ್ದಿದ್ರ ಇಷ್ಟೊತ್ತಿಗಿ ಏನರ ಆಗ್ತಿತ್ತಿಲ್ರಿ?" ಅಂದೆ.

ಆಕೆ ಚುಂಬಕವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಇಲ್ಲ ಅಂದ್ರ ನಂಬಾಕಾಗಂಗಿಲ್ಲ ತಂಗೀ. ಅದ ಅಂದ್ರ ಬದಕಾಕಾಗಂಗಿಲ್ಲ," ಅಂದಳು. ಚಳಿಗಾಲದಲ್ಲಿ ಆಕೆಯ ಬಲಗೈ ಭಾಳ ನೋಯುತ್ತಿತ್ತು. ಹೆಬ್ಬೆರಳಿನ ಬುಡವನ್ನು ಒತ್ತಿ ಹಿಡಿದುಕೊಂಡು ಕೂರುವಳು. "ದಿನಾ ಹೊಲಿದ್ರ ನೋಯಂಗಿಲ್ಲೇನ್ರಿ, ಒಂದು ಹೊಸಾ ಟೊಪ್ಪಿಗಿ ತಗೊಳ್ರಿ ಬೆರಳಿಗಿ," ಅಂತ ನಾನು ಬೈಯುತ್ತಿದ್ದೆ. ಆಕೆ ಹುಣಸೆಬೀಜ ಬದಲಿಸುತ್ತಿದ್ದಳು.

ಹುಡುಗಿಯ ಮದುವೆ ಆಯಿತು. ಮದುಮಗಳ ಮೈಗೆ ಎರೆಯುವ ಸುರಿಗೆ ನೀರು ಹಾಕುವಾಗ, ಅರಿಷಿಣ ಹಚ್ಚುವ ಐದು ಜನ ಮುತ್ತೈದೆಯರಲ್ಲಿ ಕಾಕಿಗೆ ಜಾಗವಿಲ್ಲ, ಗಂಡನಿಲ್ಲದಾಕೆ. ದೂರ ನಿಂತಿದ್ದಳು. ನನ್ನ ಕಿವಿಯಲ್ಲಿ ಬಂದು, "ನೀ ಹಚ್ತೀದಿ ಅಲ್ಲ, ಎಡಗಡಿ ಪಕ್ಕಡಿ ಕೆಳಗ ಒಂದು ಸಲ ಒತ್ತಿ ನೋಡು," ಅಂದಳು. ನಾನು ಬೈಯಬೇಕು ಅಂದುಕೊಂಡೆ. ಮುಖ ನೋಡಿ ಬೈಯಲಿಲ್ಲ. ಅರಿಷಿಣದ ಕೈಯಿಂದ ಪಕ್ಕೆಲುಬಿನ ಕೆಳಗೆ ಒತ್ತಿದೆ. ಹುಡುಗಿಯ ಎದೆ ಡಬ ಡಬ ಹೊಡೆಯುತ್ತಿತ್ತು. ಮದುಮಗಳ ಎದೆ ಹೊಡೆಯದೆ ಏನು. ಕಾಕಿಯ ಕಡೆ ನೋಡಿ ಏನಿಲ್ಲ ಅಂತ ತಲೆಯಾಡಿಸಿದೆ. ಆಕೆ ಒಳಗೆ ಹೋದಳು.

ಅದಾದ ಮೇಲೆ ಆಕೆ ಭಾಳ ದಿನ ಬದುಕಲಿಲ್ಲ. ಒಂದು ಮುಂಜಾನೆ ಮಸೆಯುವ ಸಪ್ಪಳವೂ ಇಲ್ಲ, ಒಲೆಯ ಹೊಗೆಯೂ ಇಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕುಂತಲ್ಲೇ ಹೋಗಿದ್ದಳು. ಮಗಳು, ಮೊಮ್ಮಗಳು ಬರುವ ತನಕ ಕಾದೆವು. ಮೈ ತೊಳೆಯಲು ಹೊರಗೆ ಒಂದು ಕೌದಿ ಹಾಸಿದರು. ನಾನು ಬಾಗಿ ಅದರ ಮೇಲೆ ಅಂಗೈ ಆಡಿಸಿದೆ. ಪಕ್ಕದ ಮನೆಯಾಕೆ, "ಏನವ್ವಾ, ಸತ್ತಾಕಿಗಿ ಚುಚ್ಚತದೇನ?" ಅಂದಳು. ಆಗಲೇ ನನಗೆ ಗೊತ್ತಾದದ್ದು ನಾನು ಏನು ಮಾಡುತ್ತಿದ್ದೇನೆ ಅಂತ.

ಬಲಗೈ ತೊಳೆಯುವ ಪಾಳಿ ನನ್ನದು ಬಂತು. ಸೀಗೆಪುಡಿ ಹಚ್ಚಿ ಅಂಗೈ ತಿಕ್ಕುವಾಗ ಹೆಬ್ಬೆರಳಿನ ಬುಡದಲ್ಲಿ, ಜಡ್ಡಿನ ಕೆಳಗೆ, ಏನೋ ಗಟ್ಟಿಯಾದದ್ದು ಕೈಗೆ ಹತ್ತಿತು. ಜೋಳದ ಕಾಳಿನಷ್ಟು. ಒತ್ತಿದರೆ ಜರುಗಿತು. ಅವತ್ತು ಆಕೆ ಸೂಜಿಗೆ ಕೊಟ್ಟು ಒತ್ತಿದ್ದು ಇದೇ ಜಾಗವನ್ನು.

ಬ್ಲೇಡು ತಂದು ನೋಡಬಹುದಿತ್ತು. ನೋಡಲಿಲ್ಲ. ಹೆಣದ ಕೈ ಕೊಯ್ದರೆ ಓಣಿಯವರು ನನ್ನನ್ನು ಏನಂದಾರು. ಹೊಲಿದು ಮುಗಿಸಿದ ಉಡಿಯನ್ನು ಬಿಚ್ಚಬಾರದು ಅಂತಲೂ ಅನ್ನಿಸಿತು. ಅಲ್ಲದೆ ಅದು ಸೂಜಿಯೇ ಅಂತ ಹೇಳುವುದು ಹೇಗೆ? ಕೆಲಸ ಮಾಡುವ ಕೈಯಲ್ಲಿ ಇಂಥ ಗಂಟು ಇರುತ್ತವೆ. ನನ್ನ ಕೈಯಲ್ಲೂ ಒಂದಿದೆ. ನೀರು ಸುರಿದು ಆ ಕೈಯನ್ನು ಎದೆಯ ಮೇಲೆ ಇಟ್ಟೆ.

ಮಣ್ಣು ಕೊಟ್ಟು ಗಂಡಸರು ತಿರುಗಿ ಬಂದ ಮೇಲೆ ಮೊಮ್ಮಗಳು ಬಂದು ನನ್ನ ತೊಡೆಯ ಮೇಲೆ ಮುಖವಿಟ್ಟು ಅತ್ತಳು. ಆಗ ಅವಳಿಗೆ ದಿನ ತುಂಬಿದ್ದವು. ಬೆನ್ನು ಸವರಿದೆ. ನೋಡಿದವರು ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡರು. ನನ್ನ ಅಂಗೈ ಅವಳ ಭುಜದಿಂದ ಇಳಿದು, ಬೆನ್ನೆಲುಬಿನ ಆಚೆ ಈಚೆ ಒತ್ತುತ್ತ ಸೊಂಟದ ತನಕ ಹೋಗಿ, ಒಂದು ಬೆರಳು ಸರಿದು, ಮತ್ತೆ ಮೇಲಿನಿಂದ ಶುರು ಮಾಡಿತು. ಈಗಷ್ಟೇ ಆಕೆಯ ಕೈಯಲ್ಲಿ ಆ ಗಂಟನ್ನು ಮುಟ್ಟಿ ಬಂದೆಯಲ್ಲ ಅಂತ ತಲೆ ಹೇಳುತ್ತಿತ್ತು. ಕೈ ಕೇಳಲಿಲ್ಲ.

ಹುಡುಗಿ ಮುಖ ಎತ್ತಿ, ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು.

"ಸಣ್ಣಾಯಿ," ಅಂದಳು, "ನಿನ್ನ ಕೈ ಥೇಟ್ ನಮ್ಮಾಯಿ ಕೈಯಂಗೇ ಅದ."